ಬಿಪಿ ಮಾತ್ರೆ ಜೊತೆ ನೋವಿನ ಮಾತ್ರೆ: ಪೊಟ್ಯಾಸಿಯಂ ಹದ ತಪ್ಪದಂತೆ ನೋಡಿಕೊಳ್ಳುವುದು ಹೇಗೆ?

ಅರವತ್ತು ದಾಟಿದವರ ಮಾತ್ರೆ ಡಬ್ಬಿ ಒಮ್ಮೆ ತೆಗೆದು ನೋಡಿ. ಬಿಪಿಗೆ ಟೆಲ್ಮಿಸಾರ್ಟಾನ್ ಇರುತ್ತದೆ. ಎಷ್ಟೋ ಸಲ ಅದರ ಜೊತೆಗೇ ಮೂತ್ರ ಜಾಸ್ತಿ ಮಾಡುವ ಔಷಧಿಯೂ ಬೆರೆತಿರುತ್ತದೆ. ಸಕ್ಕರೆ ಕಾಯಿಲೆಗೆ ಒಂದೆರಡು ಮಾತ್ರೆ. ಡಬ್ಬಿಯ ಮೂಲೆಯಲ್ಲಿ ಯಾವ ಚೀಟಿಯಲ್ಲೂ ಇಲ್ಲದ ಇನ್ನೊಂದು ಸ್ಟ್ರಿಪ್. ಮಂಡಿನೋವಿಗೆ ಅಂತ ಮೆಡಿಕಲ್ ಶಾಪಿನಿಂದ ತಂದದ್ದು. ಡಾಕ್ಟರು 'ಏನೇನು ಮಾತ್ರೆ ತಗೋತೀರಿ?' ಎಂದು ಕೇಳಿದಾಗ ಈ ಸ್ಟ್ರಿಪ್ ನೆನಪಿಗೇ ಬರುವುದಿಲ್ಲ. ಅದು ಸುಮ್ನೆ ನೋವಿಗೆ, ಅಲ್ವಾ?

ಒಂದೊಂದಾಗಿ ನೋಡಿದರೆ ಈ ಮಾತ್ರೆಗಳಲ್ಲಿ ಕೆಟ್ಟದ್ದು ಯಾವುದೂ ಇಲ್ಲ. ಬಿಪಿ ಮಾತ್ರೆ, ಮೂತ್ರದ ಮಾತ್ರೆ, ನೋವಿನ ಮಾತ್ರೆ ಮೂರೂ ಒಟ್ಟಿಗೆ ಸೇರಿದಾಗ ಕಿಡ್ನಿಯ ಮೇಲೆ ಒತ್ತಡ ಬೀಳುತ್ತದೆ. ರಕ್ತದಲ್ಲಿ ಪೊಟ್ಯಾಸಿಯಂ ಏರುತ್ತದೆ. ಅದು ಜಾಸ್ತಿ ಏರಿದರೆ ಹೃದಯದ ಬಡಿತವೇ ತಪ್ಪುತ್ತದೆ. ನೋವು ಮತ್ತು ಪೊಟ್ಯಾಸಿಯಂ ಬೇರೆ ಬೇರೆ ಊರಿನ ವಿಷಯಗಳಂತೆ ಕಂಡರೂ ಎರಡೂ ಸೇರುವ ಜಾಗ ಕಿಡ್ನಿ.

ಮನೆಯಲ್ಲಿ ಹಿರಿಯರ ಔಷಧಿ ನೋಡಿಕೊಳ್ಳುವವರಿಗಾಗಿ ಇದನ್ನು ಬರೆದಿದ್ದೇನೆ. ಮಾತ್ರೆ ಬದಲಿಸುವುದು, ನಿಲ್ಲಿಸುವುದು ಡಾಕ್ಟರ ಕೆಲಸ. ಅವರ ಮುಂದೆ ಸರಿಯಾದ ಪ್ರಶ್ನೆ ಇಡುವುದು ನಮ್ಮ ಕೆಲಸ.

ಹೆಜ್ಜೆ 1: ಸ್ಟ್ರಿಪ್ ತಿರುಗಿಸಿ ಓದಿ

ಮುಂದೆ ದಪ್ಪಕ್ಷರದಲ್ಲಿರುವ ಬ್ರ್ಯಾಂಡ್ ಹೆಸರು ಬಿಡಿ. ಹಿಂದೆ ಸಣ್ಣಕ್ಷರದಲ್ಲಿ 'ಪ್ರತಿ ಮಾತ್ರೆಯಲ್ಲಿ ಏನಿದೆ' ಎಂದು ಇಂಗ್ಲಿಷಿನಲ್ಲಿ ಬರೆದಿರುತ್ತದೆ. ಅದು ಬೇಕು. ಕಣ್ಣಿಗೆ ಕಾಣದಿದ್ದರೆ ಮೊಬೈಲಿನಲ್ಲಿ ಫೋಟೊ ತೆಗೆದು ದೊಡ್ಡದು ಮಾಡಿ ಓದಿ. ಮಾತ್ರೆ ಒಡೆಯುವಾಗ ಆ ಬರಹ ಇರುವ ತುದಿಯನ್ನು ಕೊನೆಗೆ ಉಳಿಸಿಕೊಳ್ಳಿ. ಅರ್ಧ ಹರಿದ ಸ್ಟ್ರಿಪ್ ಹಿಡಿದು ಬಂದರೆ ಯಾರಿಗೂ ಏನೂ ಗೊತ್ತಾಗುವುದಿಲ್ಲ.

ಪ್ಯಾರಸಿಟಮಾಲ್ ಒಂದು ಗುಂಪು. ಬೆಂಗಳೂರಿನ ಮೈಕ್ರೊ ಲ್ಯಾಬ್ಸ್ ಕಂಪನಿಯ ಡೋಲೊ 650 ನಮ್ಮಲ್ಲಿ ಎಲ್ಲರಿಗೂ ಗೊತ್ತಿರುವ ಉದಾಹರಣೆ. ಇದು ಜ್ವರ, ನೋವು ಇಳಿಸುತ್ತದೆ. ಊತದ ಮೇಲೆ ಹೆಚ್ಚು ಕೆಲಸ ಮಾಡುವುದಿಲ್ಲ.

ಎರಡನೆಯದು ಊತ ಇಳಿಸುವ ನೋವಿನ ಮಾತ್ರೆಗಳು. ಡೈಕ್ಲೊಫಿನಾಕ್, ಅಸೆಕ್ಲೊಫಿನಾಕ್, ಐಬುಪ್ರೊಫೆನ್, ನ್ಯಾಪ್ರಾಕ್ಸೆನ್, ಪಿರಾಕ್ಸಿಕಾಂ, ಕೀಟೊರೊಲಾಕ್, ನಿಮೆಸುಲೈಡ್ ಎಲ್ಲ ಇದೇ ಜಾತಿ. ಎಟೊರಿಕಾಕ್ಸಿಬ್, ಸೆಲೆಕಾಕ್ಸಿಬ್ ಕೂಡ ಇದೇ ಕುಟುಂಬದ ಹೊಸಬರು. ಇವು ಹೊಟ್ಟೆಗೆ ಸ್ವಲ್ಪ ಹಿತ. ಕಿಡ್ನಿಗೆ ಮಾತ್ರ ಹಳಬರಷ್ಟೇ ತೊಂದರೆ ಕೊಡಬಲ್ಲವು. ನಾವು ಇಲ್ಲಿ ಹೆದರಬೇಕಾದ ಗುಂಪು ಇದು.

ಟ್ರಮಡಾಲ್, ಟಪೆಂಟಡಾಲ್, ಮಾರ್ಫಿನ್‌ಗಳದ್ದು ಅಫೀಮಿನ ಜಾತಿ. ಪ್ರೀಗ್ಯಾಬಲಿನ್, ಗ್ಯಾಬಪೆಂಟಿನ್, ಅಮಿಟ್ರಿಪ್ಟಿಲಿನ್ ನರದ ನೋವಿಗೆ. ಇವುಗಳ ಮಾತು ಆಮೇಲೆ.

ನಮ್ಮ ದೇಶದಲ್ಲಿ ತೊಡಕು ಎಂದರೆ ಬೆರಕೆ ಮಾತ್ರೆಗಳು. ಕಾಂಬಿಫ್ಲಾಮ್‌ನಲ್ಲಿ ಐಬುಪ್ರೊಫೆನ್ 400 ಮಿ.ಗ್ರಾಂ ಮತ್ತು ಪ್ಯಾರಸಿಟಮಾಲ್ 325 ಮಿ.ಗ್ರಾಂ ಇದೆ. ಜೆರೊಡಾಲ್-ಪಿ ಎಂದರೆ ಅಸೆಕ್ಲೊಫಿನಾಕ್ 100, ಪ್ಯಾರಸಿಟಮಾಲ್ 325. 'ನಾನು ಬರೀ ಡೋಲೊ ತಗೊಳ್ಳೋದು, ಜೊತೆಗೆ ಇದೊಂದು' ಅನ್ನುವವರು ಪ್ಯಾರಸಿಟಮಾಲನ್ನು ಎರಡು ಕಡೆಯಿಂದ ನುಂಗುತ್ತಿರುತ್ತಾರೆ. ಬೆನ್ನುನೋವಿಗೆ ಒಬ್ಬರು, ಮಂಡಿಗೆ ಇನ್ನೊಬ್ಬರು ಬರೆದುಕೊಟ್ಟ ಎರಡು ಬೇರೆ ಬ್ರ್ಯಾಂಡಿನ ಒಳಗೆ ಒಂದೇ ಅಸೆಕ್ಲೊಫಿನಾಕ್ ಕೂತಿರುವುದೂ ಉಂಟು.

ಹೆಜ್ಜೆ 2: ಕಿಡ್ನಿಯೊಳಗೆ ಏನಾಗುತ್ತದೆ ತಿಳಿದುಕೊಳ್ಳಿ

ಇದನ್ನು ಒಮ್ಮೆ ಅರ್ಥ ಮಾಡಿಕೊಂಡರೆ ಮುಂದಿನದೆಲ್ಲ ಬಾಯಿಪಾಠ ಮಾಡಬೇಕಾಗಿಲ್ಲ.

ಊತ ಇಳಿಸುವ ಮಾತ್ರೆಗಳ ಹಿರಿಯಣ್ಣ ಆಸ್ಪಿರಿನ್ 1899ರಿಂದಲೇ ಅಂಗಡಿಯಲ್ಲಿತ್ತು. ಅದು ಹೇಗೆ ಕೆಲಸ ಮಾಡುತ್ತದೆ ಎಂದು ಗೊತ್ತಾಗಿದ್ದು 1971ರಲ್ಲಿ. ಇಂಗ್ಲೆಂಡಿನ ಜಾನ್ ವೇನ್ ಅದನ್ನು ತೋರಿಸಿಕೊಟ್ಟರು. 1982ರಲ್ಲಿ ಅವರಿಗೆ ನೊಬೆಲ್ ಪ್ರಶಸ್ತಿಯಲ್ಲಿ ಪಾಲು ಬಂತು. ದೇಹಕ್ಕೆ ಪೆಟ್ಟಾದ ಕಡೆ ಪ್ರೊಸ್ಟಗ್ಲಾಂಡಿನ್ ಎಂಬ ವಸ್ತುಗಳು ಹುಟ್ಟುತ್ತವೆ. ಊತ, ಕೆಂಪು, ನೋವು ಇವುಗಳ ಕೆಲಸ. ಇವನ್ನು ತಯಾರಿಸುವ ಕಾಕ್ಸ್ ಎಂಬ ಕಿಣ್ವವನ್ನು ಎರಡನೇ ಗುಂಪಿನ ಮಾತ್ರೆಗಳು ತಡೆಯುತ್ತವೆ. ನೋವು ಇಳಿಯುತ್ತದೆ.

ಆದರೆ ಪ್ರೊಸ್ಟಗ್ಲಾಂಡಿನ್‌ಗೆ ಬೇರೆ ಕಡೆ ಒಳ್ಳೆಯ ಕೆಲಸವೂ ಇದೆ. ಹೊಟ್ಟೆಯ ಒಳಪದರವನ್ನು ಕಾಯುತ್ತದೆ. ಕಿಡ್ನಿಗೆ ರಕ್ತ ತರುವ ಸಣ್ಣ ನಾಳಗಳನ್ನು ಅಗಲವಾಗಿ ಇಡುತ್ತದೆ. ರೆನಿನ್ ಎಂಬ ವಸ್ತು ಬಿಡುಗಡೆಯಾಗುವಂತೆ ಪ್ರಚೋದಿಸುತ್ತದೆ. ರೆನಿನ್ ಬಂದರೆ ಆಂಜಿಯೊಟೆನ್ಸಿನ್, ಅದು ಬಂದರೆ ಆಲ್ಡೊಸ್ಟಿರಾನ್ ಹಾರ್ಮೋನ್. ಸೋಡಿಯಂ ಒಳಗಿಟ್ಟುಕೊಂಡು ಪೊಟ್ಯಾಸಿಯಂ ಮೂತ್ರದಲ್ಲಿ ಹೊರಗೆ ಕಳಿಸು ಎಂದು ಕಿಡ್ನಿಗೆ ಹೇಳುವುದು ಈ ಆಲ್ಡೊಸ್ಟಿರಾನ್.

ಈಗ ಡಬ್ಬಿಯಲ್ಲಿದ್ದ ಮೂರು ಮಾತ್ರೆಗಳನ್ನು ಜೋಡಿಸಿ. ಕಿಡ್ನಿಯ ಜರಡಿಯನ್ನು ಒಂದು ನೀರಿನ ತೊಟ್ಟಿ ಎಂದುಕೊಳ್ಳಿ. ಒಳಗೆ ಬರುವ ಪೈಪು ಒಂದು, ಹೊರಗೆ ಹೋಗುವ ಪೈಪು ಇನ್ನೊಂದು. ತೊಟ್ಟಿಯಲ್ಲಿ ಒತ್ತಡ ಇದ್ದರೆ ಮಾತ್ರ ನೀರು ಸೋಸಿ ಹೋಗುತ್ತದೆ. ಮೂತ್ರ ಜಾಸ್ತಿ ಮಾಡುವ ಮಾತ್ರೆ ಬರುವ ನೀರನ್ನೇ ಕಡಿಮೆ ಮಾಡುತ್ತದೆ. ನೋವಿನ ಮಾತ್ರೆ ಬರುವ ಪೈಪನ್ನು ಬಿಗಿ ಮಾಡುತ್ತದೆ. ಟೆಲ್ಮಿಸಾರ್ಟಾನ್ ಹೋಗುವ ಪೈಪನ್ನು ಸಡಿಲ ಬಿಡುತ್ತದೆ. ತೊಟ್ಟಿಯಲ್ಲಿ ಒತ್ತಡ ಎಲ್ಲಿಂದ ಬರಬೇಕು? ಕಿಡ್ನಿ ಸೋಸಿ ಹೊರಹಾಕಬೇಕಾದ ಕ್ರಿಯಾಟಿನಿನ್ ಎಂಬ ಕಶ್ಮಲ ರಕ್ತದಲ್ಲಿ ಏರುತ್ತದೆ. ಇತ್ತ ನೋವಿನ ಮಾತ್ರೆಯಿಂದ ರೆನಿನ್ ಕಡಿಮೆಯಾಗಿ, ಟೆಲ್ಮಿಸಾರ್ಟಾನ್‌ನಿಂದ ಆಂಜಿಯೊಟೆನ್ಸಿನ್ ಕೆಲಸವೂ ನಿಂತು, ಆಲ್ಡೊಸ್ಟಿರಾನ್ ಇಳಿದಿರುತ್ತದೆ. ಪೊಟ್ಯಾಸಿಯಂ ಹೊರಗೆ ಹೋಗುವ ಎರಡು ದಾರಿಯೂ ಕಿರಿದಾಯಿತು.

ಪೊಟ್ಯಾಸಿಯಂನದ್ದು ಬಹಳ ಸೂಕ್ಷ್ಮ ಲೆಕ್ಕ. ದೇಹದ ಪೊಟ್ಯಾಸಿಯಂನಲ್ಲಿ ಶೇ. 98ರಷ್ಟು ಜೀವಕೋಶಗಳ ಒಳಗೇ ಇರುತ್ತದೆ. ಹೊರಗೆ ಇರುವುದು ಶೇ. 2 ಮಾತ್ರ. ಆ ಒಳಗಿನ ಮತ್ತು ಹೊರಗಿನ ವ್ಯತ್ಯಾಸದ ಮೇಲೆಯೇ ಹೃದಯದ ಬಡಿತ, ಸ್ನಾಯುವಿನ ಕೆಲಸ, ನರದ ಸಂದೇಶ ನಿಂತಿದೆ. ತಿಂದ ಪೊಟ್ಯಾಸಿಯಂನಲ್ಲಿ ಸುಮಾರು ಶೇ. 90ನ್ನು ಹೊರಹಾಕುವುದು ಕಿಡ್ನಿ. ಉಳಿದದ್ದು ಮಲದಲ್ಲಿ ಹೋಗುತ್ತದೆ. ಮಲಬದ್ಧತೆ ಇರುವ ಕಿಡ್ನಿ ರೋಗಿಗಳಲ್ಲಿ ಪೊಟ್ಯಾಸಿಯಂ ಇನ್ನಷ್ಟು ಏರಲು ಇದೂ ಒಂದು ಕಾರಣ.

ಡೈಕ್ಲೊಫಿನಾಕ್ ಕಿಡ್ನಿಗೆ ಏನು ಮಾಡಬಲ್ಲದು ಎಂಬುದಕ್ಕೆ ರಣಹದ್ದುಗಳ ಕತೆ ಸಾಕು. ಈ ಔಷಧಿ ಚುಚ್ಚಿಸಿಕೊಂಡ ದನ ಸತ್ತ ಮೇಲೆ ಅದರ ಮಾಂಸ ತಿಂದ ಹದ್ದುಗಳ ಕಿಡ್ನಿ ಕೈಕೊಟ್ಟು, ದಕ್ಷಿಣ ಏಷ್ಯಾದಲ್ಲಿ ಅವುಗಳ ಸಂತತಿಯೇ ಕುಸಿಯಿತು. 2006ರಲ್ಲಿ ಭಾರತ ದನಗಳಿಗೆ ಡೈಕ್ಲೊಫಿನಾಕ್ ಕೊಡುವುದನ್ನು ನಿಷೇಧಿಸಿತು. ಉಳಿದ ಹದ್ದುಗಳಿಗಾಗಿ ರಾಮನಗರದ ರಾಮದೇವರ ಬೆಟ್ಟವನ್ನು 2012ರಲ್ಲಿ ರಣಹದ್ದು ಧಾಮ ಎಂದು ಘೋಷಿಸಲಾಯಿತು. ಮನುಷ್ಯನ ಕಿಡ್ನಿ ಹದ್ದಿನದ್ದಕ್ಕಿಂತ ಬಹಳ ಗಟ್ಟಿ. ಆದರೂ ಬೆಟ್ಟದ ಮೇಲೆ ಹದ್ದು ನೋಡಿದಾಗಲೆಲ್ಲ ನನಗೆ ಮಂಡಿನೋವಿನ ಸ್ಟ್ರಿಪ್ಪೇ ನೆನಪಾಗುತ್ತದೆ.

ಹೆಜ್ಜೆ 3: ಡಬ್ಬಿಯಲ್ಲಿ ಉಳಿದವರು ಯಾರು, ಪಟ್ಟಿ ಮಾಡಿ

ಒಂದು ಹಾಳೆಯನ್ನು ಎರಡು ಭಾಗ ಮಾಡಿ. ಎಡಗಡೆ ಪೊಟ್ಯಾಸಿಯಂ ಏರಿಸುವವು, ಬಲಗಡೆ ಇಳಿಸುವವು.

ಎಡಗಡೆಗೆ: ಹೆಸರು 'ಸಾರ್ಟಾನ್' ಎಂದು ಮುಗಿಯುವ ಬಿಪಿ ಮಾತ್ರೆಗಳು, ಅಂದರೆ ಟೆಲ್ಮಿಸಾರ್ಟಾನ್, ಲೋಸಾರ್ಟಾನ್, ಓಲ್ಮೆಸಾರ್ಟಾನ್. 'ಪ್ರಿಲ್' ಎಂದು ಮುಗಿಯುವ ರಾಮಿಪ್ರಿಲ್, ಎನಲಾಪ್ರಿಲ್. ಹೃದಯ, ಲಿವರ್ ತೊಂದರೆಗೆ ಕೊಡುವ ಸ್ಪೈರೊನೊಲ್ಯಾಕ್ಟೋನ್ ಮತ್ತು ಎಪ್ಲೆರಿನೋನ್. ಕಿಡ್ನಿ ಕಸಿ ಆದವರ ಟ್ಯಾಕ್ರೊಲಿಮಸ್. ಆಸ್ಪತ್ರೆಯಲ್ಲಿ ಚುಚ್ಚುವ ಹೆಪಾರಿನ್. ಇನ್ನೊಂದನ್ನು ಯಾರೂ ನೆನಪಿಟ್ಟುಕೊಳ್ಳುವುದಿಲ್ಲ: ಉರಿಮೂತ್ರಕ್ಕೆ, ಸೋಂಕಿಗೆ ಕೊಡುವ ಕೋಟ್ರೈಮಾಕ್ಸಜೋಲ್. ಅದರಲ್ಲಿರುವ ಟ್ರೈಮೆಥೊಪ್ರಿಮ್ ಕಿಡ್ನಿಯಲ್ಲಿ ಪೊಟ್ಯಾಸಿಯಂ ಹೊರಹೋಗುವುದನ್ನು ನೇರವಾಗಿ ತಡೆಯುತ್ತದೆ. ಐದು ದಿನದ ಮಾತ್ರೆ, ಏನಾಗುತ್ತೆ ಬಿಡಿ ಎನ್ನಬೇಡಿ. ವಯಸ್ಸಾದವರಲ್ಲಿ ಐದು ದಿನ ಸಾಕು.

ಬಲಗಡೆಗೆ: ಮೂತ್ರ ಜಾಸ್ತಿ ಮಾಡುವ ಹೈಡ್ರೊಕ್ಲೋರೊಥಯಜೈಡ್, ಕ್ಲೋರ್ಥ್ಯಾಲಿಡೋನ್, ಫ್ರುಸಮೈಡ್, ಟಾರ್ಸಮೈಡ್. ಪ್ರೆಡ್ನಿಸೊಲೋನ್‌ನಂಥ ಸ್ಟಿರಾಯ್ಡ್. ಉಬ್ಬಸಕ್ಕೆ ಸಾಲ್ಬುಟಮಾಲ್ ಮತ್ತು ಇನ್ಸುಲಿನ್ ಪೊಟ್ಯಾಸಿಯಂ ಅನ್ನು ಜೀವಕೋಶದ ಒಳಗೆ ತಳ್ಳುತ್ತವೆ. ವರ್ಷಗಟ್ಟಲೆ ನುಂಗುವ ಗ್ಯಾಸ್ ಮಾತ್ರೆಯೂ ಈ ಪಟ್ಟಿಗೆ ಬರುತ್ತದೆ. ಪ್ಯಾಂಟೊಪ್ರಜೋಲ್ ಜಾತಿಯವು ದೀರ್ಘಕಾಲದಲ್ಲಿ ಕೆಲವರಿಗೆ ಮೆಗ್ನೀಸಿಯಂ ಇಳಿಸುತ್ತವೆ. ಮೆಗ್ನೀಸಿಯಂ ಇಳಿದರೆ ಪೊಟ್ಯಾಸಿಯಂ ನಿಲ್ಲುವುದಿಲ್ಲ.

ಬಿಪಿಗೆ ಕೊಡುವ ಆಮ್ಲೊಡಿಪಿನ್ ಎರಡೂ ಕಡೆ ಬರುವುದಿಲ್ಲ. ಹೃದಯಕ್ಕೆ ಕೊಡುವ 75 ಮಿ.ಗ್ರಾಂ ಆಸ್ಪಿರಿನ್‌ಗೂ ಇಲ್ಲಿ ಹೆಚ್ಚು ಹೆದರಬೇಕಾಗಿಲ್ಲ. ಅದನ್ನು ನೀವೇ ನಿಲ್ಲಿಸಬೇಡಿ. ಒಂದು ಮಾತು ಗೊತ್ತಿರಲಿ: ಐಬುಪ್ರೊಫೆನ್ ಮೊದಲು ಹೋಗಿ ಕೂತರೆ ಆಸ್ಪಿರಿನ್ನಿನ ರಕ್ಷಣೆ ಕಡಿಮೆಯಾಗಬಹುದು. ಎರಡನ್ನೂ ತೆಗೆದುಕೊಳ್ಳಲೇಬೇಕಾದರೆ ಯಾವುದು ಮೊದಲು ಎಂದು ಡಾಕ್ಟರನ್ನು ಕೇಳಿ.

ಎಡಗಡೆ ಎರಡು ಹೆಸರು ಬಂದವರು ಊತ ಇಳಿಸುವ ನೋವಿನ ಮಾತ್ರೆಯನ್ನು ಮೂರನೆಯದಾಗಿ ಸೇರಿಸಬಾರದು. ಪರೀಕ್ಷೆ ಇಲ್ಲದೆ ಅಂತೂ ಬೇಡವೇ ಬೇಡ. ಒಳ್ಳೆಯ ಔಷಧಿಗಳೇ ಒಟ್ಟು ಸೇರಿದಾಗ ಏನಾಗುತ್ತದೆ ಎಂಬುದಕ್ಕೆ ಕೆನಡಾದ ಒಂಟಾರಿಯೊ ಪಾಠ ಇದೆ. 1999ರಲ್ಲಿ ಹೃದಯ ದುರ್ಬಲವಾದವರಿಗೆ ಸ್ಪೈರೊನೊಲ್ಯಾಕ್ಟೋನ್ ಜೀವ ಉಳಿಸುತ್ತದೆ ಎಂದು ಒಂದು ದೊಡ್ಡ ಅಧ್ಯಯನ ತೋರಿಸಿತು. ವೈದ್ಯರು ಅದನ್ನು 'ಪ್ರಿಲ್' ಮಾತ್ರೆಗಳ ಜೊತೆ ಧಾರಾಳವಾಗಿ ಬರೆಯತೊಡಗಿದರು. ಅಲ್ಲಿನ ಹಿರಿಯ ರೋಗಿಗಳಲ್ಲಿ ಪೊಟ್ಯಾಸಿಯಂ ಏರಿ ಆಸ್ಪತ್ರೆ ಸೇರಿದವರು 1994ರಲ್ಲಿ ಸಾವಿರಕ್ಕೆ 2.4 ಇದ್ದದ್ದು 2001ರ ಹೊತ್ತಿಗೆ 11 ಆಯಿತು. ಔಷಧಿ ಸರಿಯಾಗಿತ್ತು. ರಕ್ತ ಪರೀಕ್ಷೆಯ ಕಾವಲು ಸಾಲದಾಗಿತ್ತು.

ಹೆಜ್ಜೆ 4: ರಕ್ತ ಪರೀಕ್ಷೆ ಮಾಡಿಸಿ, ರಿಪೋರ್ಟನ್ನು ಅನುಮಾನದಿಂದಲೇ ಓದಿ

ಕೇಳಬೇಕಾದ ಪರೀಕ್ಷೆ ಎರಡೇ: ಕ್ರಿಯಾಟಿನಿನ್ ಮತ್ತು ಸೀರಂ ಎಲೆಕ್ಟ್ರೊಲೈಟ್ಸ್ (ಪೊಟ್ಯಾಸಿಯಂ ಇದರಲ್ಲೇ ಬರುತ್ತದೆ). ಬಿಪಿ, ಸಕ್ಕರೆ, ಕಿಡ್ನಿ, ಹೃದಯದ ತೊಂದರೆ ಇರುವವರು ಊತದ ಮಾತ್ರೆಯನ್ನು ಕೆಲವು ದಿನಕ್ಕಿಂತ ಹೆಚ್ಚು ತೆಗೆದುಕೊಳ್ಳುವುದಾದರೆ, ಶುರು ಮಾಡುವ ಮೊದಲು ಒಮ್ಮೆ, ಒಂದೆರಡು ವಾರಕ್ಕೆ ಇನ್ನೊಮ್ಮೆ ಪರೀಕ್ಷೆ ಮಾಡಿಸುವುದು ಒಳ್ಳೆಯ ಪದ್ಧತಿ.

ಪೊಟ್ಯಾಸಿಯಂ ಸಾಮಾನ್ಯವಾಗಿ 3.5ರಿಂದ 5.0ರ ಒಳಗೆ ಇರಬೇಕು. ಲ್ಯಾಬಿನಿಂದ ಲ್ಯಾಬಿಗೆ ಒಂದೆರಡು ದಶಾಂಶ ಹೆಚ್ಚುಕಡಿಮೆ ಇರುತ್ತದೆ. ಒಂದು ರಿಪೋರ್ಟಿನಲ್ಲಿ ಮಿಲಿಮೋಲ್, ಇನ್ನೊಂದರಲ್ಲಿ ಮಿಲಿ ಈಕ್ವಿವಲೆಂಟ್ ಎಂದು ಇದ್ದರೆ ಗಾಬರಿ ಬೇಡ. ಪೊಟ್ಯಾಸಿಯಂಗೆ ಎರಡೂ ಒಂದೇ. 5.5 ದಾಟಿದರೆ ಅದೇ ದಿನ ಡಾಕ್ಟರಿಗೆ ಫೋನ್ ಮಾಡಿ. 6.0 ದಾಟಿದರೆ ಹೊತ್ತು ಕಳೆಯದೆ ಆಸ್ಪತ್ರೆಗೆ ಹೋಗಿ ಇಸಿಜಿ ಮಾಡಿಸಿ. 6.5 ಮತ್ತು ಮೇಲೆ ಎಂದರೆ ತುರ್ತು. ಕೆಳಗಡೆ, 3.0ಕ್ಕಿಂತ ಇಳಿದರೆ ಅದೇ ದಿನ ಮಾತಾಡಿ. 2.5ಕ್ಕಿಂತ ಇಳಿದರೆ ಅದೂ ತುರ್ತೇ.

ಕಿಡ್ನಿ ಎಷ್ಟು ಚೆನ್ನಾಗಿ ಸೋಸುತ್ತಿದೆ ಎಂದು ಅಂದಾಜು ಮಾಡುವ ಇಜಿಎಫ್ಆರ್ ಎಂಬ ಸಂಖ್ಯೆ ಇದ್ದರೆ ಅದನ್ನೂ ನೋಡಿ. 60ಕ್ಕಿಂತ ಕಡಿಮೆ ಇದ್ದರೆ ಊತದ ಮಾತ್ರೆಯನ್ನು ಬಹಳ ದಿನ ಎಳೆಯಬಾರದು. 30ಕ್ಕಿಂತ ಕಡಿಮೆ ಇದ್ದರೆ ಅದರ ಸಹವಾಸ ಬೇಡ. ಕ್ರಿಯಾಟಿನಿನ್ 1.1 ಎಂದು ನೋಡಿ ಕಿಡ್ನಿ ಚೆನ್ನಾಗಿದೆ ಎಂದುಕೊಳ್ಳುವುದು ಎಪ್ಪತ್ತೈದರ ಸಣಕಲು ಅಜ್ಜಿಯ ವಿಷಯದಲ್ಲಿ ನಡೆಯುವುದಿಲ್ಲ. ಕ್ರಿಯಾಟಿನಿನ್ ಹುಟ್ಟುವುದು ಸ್ನಾಯುವಿನಿಂದ. ಸ್ನಾಯುವೇ ಇಲ್ಲದವರಲ್ಲಿ ಆ ಸಂಖ್ಯೆ ಮೋಸ ಮಾಡುತ್ತದೆ.

ಇನ್ನು ಸುಳ್ಳು ರಿಪೋರ್ಟಿನ ವಿಷಯ. ಇದು ನಿಜಕ್ಕೂ ಆಗಾಗ ಆಗುತ್ತದೆ. ರಕ್ತ ತೆಗೆಯುವಾಗ ತೋಳಿಗೆ ಪಟ್ಟಿ ಬಿಗಿದು ತುಂಬಾ ಹೊತ್ತು ಬಿಟ್ಟರೆ, 'ಮುಷ್ಟಿ ಬಿಗಿ ಮಾಡಿ, ಬಿಡಿ, ಮತ್ತೆ ಬಿಗಿ ಮಾಡಿ' ಎಂದು ಹತ್ತಾರು ಸಲ ಮಾಡಿಸಿದರೆ ಸ್ನಾಯುವಿನ ಪೊಟ್ಯಾಸಿಯಂ ಹೊರಬರುತ್ತದೆ. ಸಣ್ಣ ಸೂಜಿಯಲ್ಲಿ ಜೋರಾಗಿ ಎಳೆದರೆ ಕೆಂಪು ರಕ್ತಕಣ ಒಡೆಯುತ್ತದೆ. ರಿಪೋರ್ಟಿನ ಕೆಳಗೆ 'ಹೀಮೊಲೈಸ್ಡ್' ಎಂದಿದ್ದರೆ ಅದೇ ಅರ್ಥ. ಹಳ್ಳಿಯ ಸಂಗ್ರಹ ಕೇಂದ್ರದಲ್ಲಿ ಬೆಳಗ್ಗೆ ತೆಗೆದ ರಕ್ತ ಬೇರ್ಪಡಿಸದೆ ಹಾಗೇ ಐಸ್ ಡಬ್ಬಿಯಲ್ಲಿ ಕೂತು, ಬಸ್ಸಿನಲ್ಲಿ ಜಿಲ್ಲಾ ಕೇಂದ್ರದ ಲ್ಯಾಬಿಗೆ ಸಂಜೆ ಮುಟ್ಟಿದರೂ ಪೊಟ್ಯಾಸಿಯಂ ಏರಿಯೇ ಕಾಣುತ್ತದೆ. ತಣ್ಣಗಿಟ್ಟರೆ ಒಳ್ಳೆಯದೆಂಬ ನಂಬಿಕೆ ಇಲ್ಲಿ ಉಲ್ಟಾ.

ಟ್ಯೂಬಿನ ಮುಚ್ಚಳದ ಬಣ್ಣವನ್ನೂ ನೋಡಿ. ನೇರಳೆ ಮುಚ್ಚಳದ ಟ್ಯೂಬಿನಲ್ಲಿ ರಕ್ತ ಹೆಪ್ಪುಗಟ್ಟದಂತೆ ಇಡಿಟಿಎ ಎಂಬ ಪೊಟ್ಯಾಸಿಯಂ ಲವಣ ಇರುತ್ತದೆ. ಅದು ರಕ್ತಕಣ ಎಣಿಸಲು. ಪೊಟ್ಯಾಸಿಯಂ ಪರೀಕ್ಷೆಗೆ ಕೆಂಪು ಅಥವಾ ಹಳದಿ ಮುಚ್ಚಳದ್ದು ಬೇಕು, ಅದನ್ನು ಮೊದಲು ತುಂಬಬೇಕು. ನೇರಳೆಯದರಿಂದ ಹನಿ ರಕ್ತ ಇದಕ್ಕೆ ಬಿದ್ದರೂ ಪೊಟ್ಯಾಸಿಯಂ ಹುಚ್ಚುಚ್ಚಾಗಿ ಏರುತ್ತದೆ, ಕ್ಯಾಲ್ಸಿಯಂ ಇದ್ದಕ್ಕಿದ್ದಂತೆ ಬಿದ್ದುಹೋಗುತ್ತದೆ. ಆರಾಮಾಗಿ ಓಡಾಡಿಕೊಂಡಿರುವವರ ರಿಪೋರ್ಟಿನಲ್ಲಿ ಈ ಎರಡೂ ಒಟ್ಟಿಗೆ ಕಂಡರೆ ಮೊದಲ ಅನುಮಾನ ಟ್ಯೂಬಿನ ಮೇಲೆ.

ಹಾಗಂತ 'ಲ್ಯಾಬಿನವರದ್ದೇ ತಪ್ಪು' ಎಂದು ಮನೆಯಲ್ಲೇ ತೀರ್ಮಾನ ಮಾಡಬೇಡಿ. ಆವತ್ತೇ ಮತ್ತೆ ರಕ್ತ ಕೊಡಿ. ಇಸಿಜಿ ಮಾಡಿಸಿ.

ಹೆಜ್ಜೆ 5: ನೋವಿಗೆ ದಾರಿ ಆರಿಸಿಕೊಳ್ಳಿ

ಔಷಧಿ ಅಂಗಡಿಯಲ್ಲಿ ದಿನಾ ಕೇಳುವ ಮಾತು: 'ಅಣ್ಣಾ, ಅಮ್ಮಂಗೆ ಮಂಡಿನೋವು, ಒಂದು ಪವರ್‌ಫುಲ್ ಮಾತ್ರೆ ಕೊಡಿ.' ಒಳ್ಳೆಯ ಅಂಗಡಿಯವರು ಕೇಳುವ ಮರುಪ್ರಶ್ನೆ: 'ಅಮ್ಮಂಗೆ ಬಿಪಿ, ಶುಗರ್ ಇದ್ಯಾ? ಯಾವ ಮಾತ್ರೆ?' ಹಾಗೆ ಕೇಳದಿದ್ದರೆ ನೀವೇ ಹೇಳಿ.

ಮಂಡಿನೋವಿಗೆ ನನ್ನ ಆಯ್ಕೆಯ ಕ್ರಮ ಹೀಗಿದೆ. ಮೊದಲು ತೊಡೆಯ ಸ್ನಾಯು ಗಟ್ಟಿ ಮಾಡುವ ವ್ಯಾಯಾಮ, ತೂಕ ಇಳಿಸುವುದು, ಬಿಸಿ ಶಾಖ. ಕೇಳಲು ಬೇಜಾರು, ಆದರೆ ಇದಕ್ಕಿಂತ ಕಿಡ್ನಿಗೆ ಹಿತವಾದದ್ದು ಬೇರೆ ಇಲ್ಲ. ಆಮೇಲೆ ಹಚ್ಚುವ ಡೈಕ್ಲೊಫಿನಾಕ್ ಜೆಲ್. ಹಚ್ಚಿದ ಔಷಧಿ ರಕ್ತಕ್ಕೆ ಸೇರುವುದು ಮಾತ್ರೆಗೆ ಹೋಲಿಸಿದರೆ ಸುಮಾರು ಶೇ. 6ರಷ್ಟೇ. ಮಂಡಿ, ಕೈಬೆರಳಿನ ಕೀಲು ಚರ್ಮಕ್ಕೆ ಹತ್ತಿರ ಇರುವುದರಿಂದ ಅಲ್ಲಿ ಚೆನ್ನಾಗಿ ಕೆಲಸ ಮಾಡುತ್ತದೆ. ಸೊಂಟ, ಬೆನ್ನಿಗೆ ಅಷ್ಟಿಲ್ಲ. ಗಾಯದ ಮೇಲೆ ಹಚ್ಚಬಾರದು. ಕಿಡ್ನಿ ತೀರಾ ಸೋತವರು ಇದನ್ನೂ ಕೇಳಿಯೇ ಹಚ್ಚಬೇಕು.

ಮುಂದೆ ಪ್ಯಾರಸಿಟಮಾಲ್. ಇದು ಪೊಟ್ಯಾಸಿಯಂ ಅನ್ನು ಅಲುಗಾಡಿಸುವುದಿಲ್ಲ. ಗಟ್ಟಿಮುಟ್ಟಾದ ದೊಡ್ಡವರಿಗೆ ದಿನಕ್ಕೆ ಗರಿಷ್ಠ 4 ಗ್ರಾಂ. ವಯಸ್ಸಾದವರು, 50 ಕೆ.ಜಿ.ಗಿಂತ ಕಡಿಮೆ ತೂಕದವರು, ಕುಡಿಯುವವರು, ಲಿವರ್ ತೊಂದರೆ ಇರುವವರಿಗೆ 2ರಿಂದ 3 ಗ್ರಾಂನೊಳಗೆ ನಿಲ್ಲಿಸುವುದು ಕ್ಷೇಮ. 650ರ ಮಾತ್ರೆ ನಾಲ್ಕು ಎಂದರೆ 2.6 ಗ್ರಾಂ ಆಯಿತು. ಎರಡು ಮಾತ್ರೆಯ ನಡುವೆ ಆರು ಗಂಟೆ ಬಿಡಿ. ಅತಿಯಾದರೆ ಲಿವರಿನಲ್ಲಿ ಹುಟ್ಟುವ ವಿಷವಸ್ತು ಲಿವರನ್ನೇ ಸುಡುತ್ತದೆ. ಮೊದಲ ದಿನ ಏನೂ ಕಾಣುವುದಿಲ್ಲ, ಅದೇ ಅಪಾಯ. ತಪ್ಪಿ ಜಾಸ್ತಿ ನುಂಗಿದ್ದರೆ ಆರಾಮಾಗಿದ್ದರೂ ಆಸ್ಪತ್ರೆಗೆ ಹೋಗಿ. ಎನ್-ಅಸಿಟೈಲ್‌ಸಿಸ್ಟೀನ್ ಎಂಬ ಮದ್ದು ಬೇಗ ಸಿಕ್ಕಷ್ಟೂ ಒಳ್ಳೆಯದು. ಮಂಡಿ ಸವೆತದ ನೋವಿಗೆ ಪ್ಯಾರಸಿಟಮಾಲ್ ಅಷ್ಟೇನೂ ಪವರ್‌ಫುಲ್ ಅಲ್ಲ ಎಂಬುದೂ ನಿಜ. ಕೆಲವರಿಗೆ ಸಾಕಾಗುತ್ತದೆ, ಕೆಲವರಿಗೆ ಇಲ್ಲ.

ಆಗ ಊತದ ಮಾತ್ರೆಯ ಮಾತು ಬರುತ್ತದೆ. ಕಿಡ್ನಿ ಸರಿ ಇದ್ದು ಡಾಕ್ಟರು ಒಪ್ಪಿದರೆ, ಕಡಿಮೆ ಪ್ರಮಾಣ, ಕಡಿಮೆ ದಿನ. ದೇಹದಿಂದ ಬೇಗ ಹೋಗುವುದನ್ನು ಕೇಳಿ. ಐಬುಪ್ರೊಫೆನ್, ಡೈಕ್ಲೊಫಿನಾಕ್ ಎರಡು ಗಂಟೆಯಲ್ಲಿ ಅರ್ಧಕ್ಕೆ ಇಳಿಯುತ್ತವೆ. ಪಿರಾಕ್ಸಿಕಾಂಗೆ ಅದಕ್ಕೆ ಎರಡು ದಿನ ಬೇಕು. ಜೊತೆಯಲ್ಲಿ ಗ್ಯಾಸ್ ಮಾತ್ರೆ ಕೊಟ್ಟಿದ್ದಾರಲ್ಲ, ಇನ್ನೇನು ಭಯ ಎಂದುಕೊಳ್ಳಬೇಡಿ. ಅದು ಕಾಯುವುದು ಹೊಟ್ಟೆಯನ್ನು. ಇಂಜೆಕ್ಷನ್ ಹಾಕಿಸಿಕೊಂಡರೆ ಹೊಟ್ಟೆ, ಕಿಡ್ನಿ ತಪ್ಪಿಸಿಕೊಳ್ಳುತ್ತವೆ ಎಂಬುದೂ ಹುಸಿ. ಡೈಕ್ಲೊಫಿನಾಕ್ ಸೊಂಟಕ್ಕೆ ಚುಚ್ಚಿದರೂ ಕಿಡ್ನಿಗೆ ರಕ್ತದಲ್ಲೇ ಬರುತ್ತದೆ. ಈ ಗುಂಪು ಬಿಪಿಯನ್ನೂ ಏರಿಸುತ್ತದೆ. 'ಬಿಪಿ ಮಾತ್ರೆ ಕೆಲಸ ಮಾಡ್ತಿಲ್ಲ' ಎಂದು ಎರಡನೇ ಬಿಪಿ ಮಾತ್ರೆ ಸೇರಿಸುವ ಮೊದಲು ಮಂಡಿನೋವಿನ ಸ್ಟ್ರಿಪ್ ಹುಡುಕಬೇಕು.

ಟ್ರಮಡಾಲ್ ಪೊಟ್ಯಾಸಿಯಂ ಏರಿಸುವುದಿಲ್ಲ. ಆದರೆ ತಲೆ ಸುತ್ತು, ವಾಕರಿಕೆ, ಮಲಬದ್ಧತೆ, ಕೆಲವರಿಗೆ ಫಿಟ್ಸ್. ಖಿನ್ನತೆಯ ಮಾತ್ರೆ ತೆಗೆದುಕೊಳ್ಳುವವರಿಗೆ ಇನ್ನೂ ತೊಡಕು. 2018ರಿಂದ ಅದು ನಮ್ಮಲ್ಲಿ ಮಾದಕ ವಸ್ತು ಕಾಯ್ದೆಯ ಅಡಿ ಬಂದಿದೆ. ಕಿಡ್ನಿ ಸೋತಿದ್ದರೆ ಟ್ರಮಡಾಲ್, ಪ್ರೀಗ್ಯಾಬಲಿನ್, ಗ್ಯಾಬಪೆಂಟಿನ್ ಎಲ್ಲದರ ಪ್ರಮಾಣ ಕಡಿಮೆ ಮಾಡಬೇಕು.

ಜಾತ್ರೆಯಲ್ಲಿ, ಬಸ್‌ಸ್ಟ್ಯಾಂಡಿನಲ್ಲಿ ಸಿಗುವ ಹೆಸರಿಲ್ಲದ 'ಕೀಲುನೋವಿನ ಪುಡಿ' ಬೇಡ. ಮೂರು ದಿನದಲ್ಲಿ ಮ್ಯಾಜಿಕ್ ಮಾಡಿದರೆ ಅದರಲ್ಲಿ ಸ್ಟಿರಾಯ್ಡ್ ಅಥವಾ ಡೈಕ್ಲೊಫಿನಾಕ್ ಕಲಸಿರುವ ಸಾಧ್ಯತೆಯೇ ಜಾಸ್ತಿ.

ಹೆಜ್ಜೆ 6: ಅಡುಗೆಮನೆಗೂ ಒಮ್ಮೆ ಹೋಗಿ

ಕಿಡ್ನಿ ಚೆನ್ನಾಗಿರುವವರಿಗೆ ಹಣ್ಣು, ತರಕಾರಿಯ ಪೊಟ್ಯಾಸಿಯಂ ಒಳ್ಳೆಯದೇ. ದಿನಕ್ಕೆ ಕನಿಷ್ಠ 3510 ಮಿ.ಗ್ರಾಂ ಬೇಕು ಎನ್ನುತ್ತದೆ ವಿಶ್ವ ಆರೋಗ್ಯ ಸಂಸ್ಥೆ. ಮುಂದಿನ ಮಾತು ಕಿಡ್ನಿ ಸೋತವರಿಗೆ, ಪೊಟ್ಯಾಸಿಯಂ ಏರಿದವರಿಗೆ.

ಎಳನೀರಿನಲ್ಲಿ 100 ಮಿ.ಲೀ.ಗೆ ಸುಮಾರು 200ರಿಂದ 250 ಮಿ.ಗ್ರಾಂ ಪೊಟ್ಯಾಸಿಯಂ ಇದೆ. ತುಂಬಿದ ಒಂದು ಎಳನೀರು ಕುಡಿದರೆ 600 ಮಿ.ಗ್ರಾಂ ದಾಟುತ್ತದೆ. ಒಂದು ಪಚ್ಚಬಾಳೆಹಣ್ಣಿನದ್ದು ಸುಮಾರು 400. ಬಾಳೆಹಣ್ಣು ಬೇಡ ಎಂದು ಜಾಗ್ರತೆ ಮಾಡಿ, 'ತಂಪು, ಕಿಡ್ನಿಗೆ ಒಳ್ಳೇದು' ಎಂದು ದಿನಾ ಎರಡು ಎಳನೀರು ಕುಡಿಸುವ ಮನೆಗಳು ಬೇಕಾದಷ್ಟಿವೆ. ಆಸ್ಪತ್ರೆಗೆ ನೋಡಲು ಹೋಗುವವರ ಕೈಯಲ್ಲೂ ಅದೇ.

ಸೊಪ್ಪು, ಕಾಳು ಬೇಯಿಸಿ ನೀರು ಬಸಿದರೆ ಪೊಟ್ಯಾಸಿಯಂನ ಒಂದು ಪಾಲು ಆ ನೀರಿಗೆ ಇಳಿಯುತ್ತದೆ. ಕಿಡ್ನಿ ರೋಗಿಗಳಿಗೆ ಹೀಗೆ ಬಸಿದು ಚೆಲ್ಲಿ ಎನ್ನುತ್ತಾರೆ. ನಮ್ಮ ಮೈಸೂರು, ಮಂಡ್ಯ ಕಡೆ ಆ ನೀರನ್ನೇ ಕಟ್ಟು ಎಂದು ಇಟ್ಟು ಬಸ್ಸಾರು ಮಾಡುತ್ತೇವೆ. ಪಲ್ಯ ತಿಂದು ಸಾರು ಬಿಡುವುದು ಕಷ್ಟ, ಆದರೆ ಇವರಿಗೆ ಅದೇ ಸರಿ.

ಮೂರನೆಯದು 'ಲೈಟ್' ಉಪ್ಪು. ಸೋಡಿಯಂ ಕಡಿಮೆ ಮಾಡಿ ಅದರ ಜಾಗಕ್ಕೆ ಪೊಟ್ಯಾಸಿಯಂ ಕ್ಲೋರೈಡ್ ಹಾಕಿರುತ್ತಾರೆ. ಶೇ. 25ರಷ್ಟು ಪೊಟ್ಯಾಸಿಯಂ ಕ್ಲೋರೈಡ್ ಇರುವ ಉಪ್ಪು 5 ಗ್ರಾಂ ತಿಂದರೆ ಸುಮಾರು 650 ಮಿ.ಗ್ರಾಂ ಪೊಟ್ಯಾಸಿಯಂ ಒಳಗೆ ಹೋಯಿತು. ಚೀನಾದ ಹಳ್ಳಿಗಳಲ್ಲಿ ಇಂಥ ಉಪ್ಪಿನಿಂದ ಪಾರ್ಶ್ವವಾಯು ಕಡಿಮೆಯಾದದ್ದನ್ನು 2021ರ ದೊಡ್ಡ ಅಧ್ಯಯನ ತೋರಿಸಿದೆ. ವಿಶ್ವ ಆರೋಗ್ಯ ಸಂಸ್ಥೆಯೂ 2025ರಲ್ಲಿ ಇದರ ಪರ ಮಾತಾಡಿದೆ, ಕಿಡ್ನಿ ತೊಂದರೆ ಇರುವವರನ್ನು ಹೊರಗಿಟ್ಟು. ಅದೇ ಮುಖ್ಯ. ಬಿಪಿ ಅಂತ ಲೈಟ್ ಉಪ್ಪು ತಂದಿರುವ ಮನೆಯಲ್ಲೇ ಟೆಲ್ಮಿಸಾರ್ಟಾನ್ ಕೂಡ ಇರುತ್ತದೆ.

ಹೆಜ್ಜೆ 7: ಪೊಟ್ಯಾಸಿಯಂ ಇಳಿದಿದ್ದರೆ

ಇದು ಕಾಣುವುದು ಬಲಗಡೆಯ ಪಟ್ಟಿ ಉದ್ದ ಇರುವವರಲ್ಲಿ, ವಾಂತಿ ಭೇದಿ ಆದವರಲ್ಲಿ. ಕಾಲು ಸೆಳೆತ, ಸುಸ್ತು, ಹೊಟ್ಟೆ ಉಬ್ಬರ, ಮಲಬದ್ಧತೆ. ತೀರಾ ಇಳಿದರೆ ಕೂತವರಿಗೆ ಏಳಲು ಆಗುವುದಿಲ್ಲ. ಡಿಗಾಕ್ಸಿನ್ ತೆಗೆದುಕೊಳ್ಳುವ ಹೃದಯ ರೋಗಿಗಳಿಗೆ ಸ್ವಲ್ಪ ಇಳಿದರೂ ಅಪಾಯ.

ನೋವಿನ ಮಾತ್ರೆಯಿಂದ ಪೊಟ್ಯಾಸಿಯಂ ಇಳಿಯುವುದೂ ಉಂಟು. ಐಬುಪ್ರೊಫೆನ್ ಅತಿಯಾಗಿ, ಬಹಳ ದಿನ ನುಂಗಿದ ಕೆಲವರಲ್ಲಿ ಕಿಡ್ನಿಯ ನಾಳಗಳು ಆಮ್ಲ ಹೊರಹಾಕಲಾಗದೆ ಪೊಟ್ಯಾಸಿಯಂ ಅನ್ನು ಸೋರಲು ಬಿಡುತ್ತವೆ. ಅಫೀಮಿನ ಜಾತಿಯ ಕೊಡೀನ್ ಬೆರೆತ ಐಬುಪ್ರೊಫೆನ್ ಚಟವಾದವರಲ್ಲಿ ಇದು ಕಂಡು, ಯುರೋಪಿನ ಔಷಧ ಸಂಸ್ಥೆ 2022ರಲ್ಲಿ ಎಚ್ಚರಿಕೆ ಕೊಟ್ಟಿತು. ಕೆಮ್ಮಿಗೆ ಬಾಯಲ್ಲಿಟ್ಟುಕೊಳ್ಳುವ ಜೇಷ್ಠಮಧು ಕೂಡ ದಿನಾ ಜಾಸ್ತಿ ಆದರೆ ಬಿಪಿ ಏರಿಸಿ ಪೊಟ್ಯಾಸಿಯಂ ಇಳಿಸುತ್ತದೆ.

ಡಾಕ್ಟರು ಪೊಟ್ಯಾಸಿಯಂ ಕ್ಲೋರೈಡ್ ಸಿರಪ್ ಕೊಟ್ಟರೆ ಊಟದ ನಂತರ, ಒಂದು ಲೋಟ ನೀರಿಗೆ ಬೆರೆಸಿ ನಿಧಾನಕ್ಕೆ ಕುಡಿಸಿ. ಹಾಗೇ ಕುಡಿದರೆ ಹೊಟ್ಟೆ ಉರಿಯುತ್ತದೆ. ನಮ್ಮಲ್ಲಿ ಸಿಗುವ ಸಿರಪ್‌ಗಳಲ್ಲಿ ಸಾಮಾನ್ಯವಾಗಿ 15 ಮಿ.ಲೀ.ಗೆ 20 ಮಿಲಿ ಈಕ್ವಿವಲೆಂಟ್ ಪೊಟ್ಯಾಸಿಯಂ ಇರುತ್ತದೆ. ಬಾಟಲಿ ಖಾಲಿಯಾಯಿತು ಎಂದು ನೀವೇ ಇನ್ನೊಂದು ತರಬೇಡಿ, ಮತ್ತೆ ಪರೀಕ್ಷೆ ಮಾಡಿಸಿ. ಎಷ್ಟು ಕೊಟ್ಟರೂ ಏರುತ್ತಿಲ್ಲವಾದರೆ ಮೆಗ್ನೀಸಿಯಂ ನೋಡಿದ್ದಾರಾ ಎಂದು ಕೇಳಿ.

ಹೆಜ್ಜೆ 8: ತುರ್ತು ಎಂದರೆ ಯಾವಾಗ

ಪೊಟ್ಯಾಸಿಯಂ ಏರಿದ್ದು ಎಷ್ಟೋ ಸಲ ಗೊತ್ತೇ ಆಗುವುದಿಲ್ಲ. ನೋವಿಲ್ಲ, ಜ್ವರವಿಲ್ಲ. ಕೈಕಾಲು ಬಲ ಕಳೆದುಕೊಳ್ಳುವುದು, ಎದೆ ಡವಡವ ಅಥವಾ ನಾಡಿ ತೀರಾ ನಿಧಾನ, ಮೂತ್ರ ಕಡಿಮೆ, ತಲೆ ಸುತ್ತಿ ಬೀಳುವುದು: ಎಡಗಡೆ ಪಟ್ಟಿಯ ಮಾತ್ರೆ ತಗೊಳ್ಳುವವರಲ್ಲಿ ಇವು ಕಂಡರೆ 108ಕ್ಕೆ ಕರೆ ಮಾಡಿ. ಇಸಿಜಿಯಲ್ಲಿ ಟಿ ಅಲೆ ಚೂಪಾಗಿ ಎತ್ತರಕ್ಕೆ ಏಳುವುದು, ಆಮೇಲೆ ಅಲೆಗಳು ಅಗಲವಾಗುವುದು ಹೃದಯ ಕೊಡುವ ಸೂಚನೆ. ಕೆಲವರಲ್ಲಿ ಇಸಿಜಿ ಸರಿಯಾಗಿಯೇ ಇದ್ದು ಬಡಿತ ತಪ್ಪುವುದೂ ಇದೆ.

ಅಲ್ಲಿ ಮೊದಲು ಕ್ಯಾಲ್ಸಿಯಂ ಗ್ಲುಕೊನೇಟ್ ರಕ್ತನಾಳಕ್ಕೆ ಕೊಡುತ್ತಾರೆ. ಅದು ಪೊಟ್ಯಾಸಿಯಂ ಇಳಿಸುವುದಿಲ್ಲ, ನಿಮಿಷಗಳಲ್ಲಿ ಹೃದಯವನ್ನು ಕಾಯುತ್ತದೆ. ಆಮೇಲೆ ಗ್ಲೂಕೋಸ್ ಜೊತೆ ಇನ್ಸುಲಿನ್, ಮೂಗಿಗೆ ಮಾಸ್ಕ್ ಇಟ್ಟು ಸಾಲ್ಬುಟಮಾಲ್. ಇವು ಪೊಟ್ಯಾಸಿಯಂ ಅನ್ನು ಕೆಲವು ಗಂಟೆ ಜೀವಕೋಶದೊಳಗೆ ತಳ್ಳಿಡುತ್ತವೆ. 'ಶುಗರ್ ಇಲ್ಲದವರಿಗೆ ಯಾಕೆ ಇನ್ಸುಲಿನ್?' ಎಂದು ಗಾಬರಿಯಾಗಬೇಡಿ. ಆದರೆ ಸಕ್ಕರೆ ಪದೇ ಪದೇ ನೋಡುತ್ತಿದ್ದಾರಾ ಎಂದು ಕೇಳಿ, ಅದು ನ್ಯಾಯವಾದ ಪ್ರಶ್ನೆ. ದೇಹದಿಂದ ಹೊರಹಾಕಲು ಮೂತ್ರದ ಔಷಧಿ, ಪೊಟ್ಯಾಸಿಯಂ ಹೀರುವ ಪುಡಿ, ಕೊನೆಗೆ ಡಯಾಲಿಸಿಸ್.

ಹೆಜ್ಜೆ 9: ವಾಂತಿ ಭೇದಿಯ ದಿನ

ಇಷ್ಟೆಲ್ಲ ಜಾಗ್ರತೆಯಿಂದ ಇದ್ದವರೂ ಜಾರುವ ದಿನ ಇದು. ಭೇದಿಯಾಗಿ ನೀರು ಕಡಿಮೆಯಾದಾಗ ಕಿಡ್ನಿಗೆ ಬರುವ ರಕ್ತವೇ ಕಡಿಮೆ. ಆ ದಿನ ಮೈಕೈ ನೋವಿಗೆ ಅಂತ ಊತದ ಮಾತ್ರೆ ಕೊಡಲೇಬೇಡಿ. ಜ್ವರಕ್ಕೆ ಪ್ಯಾರಸಿಟಮಾಲ್ ಸಾಕು. 'ಸಾರ್ಟಾನ್', 'ಪ್ರಿಲ್', ಮೂತ್ರದ ಮಾತ್ರೆ, ಸ್ಪೈರೊನೊಲ್ಯಾಕ್ಟೋನ್ ಇದ್ದರೆ ಆವತ್ತೇ ಡಾಕ್ಟರಿಗೆ ಫೋನ್ ಮಾಡಿ, ತಾತ್ಕಾಲಿಕವಾಗಿ ನಿಲ್ಲಿಸಬೇಕಾ ಎಂದು ಕೇಳಿ. ಎಷ್ಟೋ ಸಲ ನಿಲ್ಲಿಸಿ ಎನ್ನುತ್ತಾರೆ. ಓಆರ್‌ಎಸ್ ಪುಡಿಯನ್ನು ಪೊಟ್ಟಣದ ಮೇಲೆ ಬರೆದಷ್ಟೇ ನೀರಿಗೆ ಬೆರೆಸಿ. ಲೀಟರಿಗೆ 20 ಮಿಲಿಮೋಲ್ ಪೊಟ್ಯಾಸಿಯಂ ಅದರಲ್ಲೂ ಇದೆ, ಭೇದಿಯಲ್ಲಿ ಹೋದದ್ದನ್ನು ತುಂಬಲು. ಡಯಾಲಿಸಿಸ್‌ನಲ್ಲಿರುವವರು ಅದನ್ನೂ ಕೇಳಿ ಕುಡಿಯಬೇಕು.

ನಿಲ್ಲಿಸಿದ ಮಾತ್ರೆಯನ್ನು ಮತ್ತೆ ಯಾವತ್ತು ಶುರು ಮಾಡಬೇಕು ಎಂಬುದನ್ನೂ ಅದೇ ಫೋನಿನಲ್ಲಿ ಕೇಳಿ ಬರೆದಿಟ್ಟುಕೊಳ್ಳಿ. ಸಾಮಾನ್ಯವಾಗಿ ಊಟ, ನೀರು ಸರಿಯಾಗಿ ಹೋಗತೊಡಗಿ 24ರಿಂದ 48 ಗಂಟೆಯ ಮೇಲೆ. ಆ ವಾರ ಒಂದು ಕ್ರಿಯಾಟಿನಿನ್, ಒಂದು ಪೊಟ್ಯಾಸಿಯಂ ಮಾಡಿಸಿ.